ಟ್ರಿನಿಡಾಡ್‌ಗೆ ಹೊರಟವರಿಗೆ: ಹಳದಿ ಕಾರ್ಡು, ಕೆಂಪು ಬಾವುಟ, ಸೊಳ್ಳೆ ಕ್ರೀಮು

ಹೊರಡುವ ಮುಂಚೆ

ಕೆರಿಬಿಯನ್ ದ್ವೀಪಗಳಲ್ಲಿ ಟ್ರಿನಿಡಾಡ್ ಭಾರತದವರಿಗೆ ಒಂದು ವಿಷಯದಲ್ಲಿ ಬೇರೆ. ಬಾರ್ಬಡೋಸ್ ನೋಡಿಕೊಂಡು ಬೆಂಗಳೂರಿಗೆ ಬಂದಿಳಿದರೆ ಯಾರೂ ಹಳದಿ ಜ್ವರದ ಲಸಿಕೆಯ ಕಾರ್ಡು ಕೇಳುವುದಿಲ್ಲ. ಟ್ರಿನಿಡಾಡ್‌ನಿಂದ ಬಂದರೆ ಕೇಳುತ್ತಾರೆ. ಆ ದ್ವೀಪ ಬಿಟ್ಟು ಆರು ದಿನ ಆಗುವ ಮೊದಲೇ ಭಾರತಕ್ಕೆ ಬಂದಿರಿ, ಕೈಯಲ್ಲಿ ಕಾರ್ಡು ಇಲ್ಲ ಅಂದರೆ, ಆರು ದಿನ ತುಂಬುವವರೆಗೆ ನಿಮ್ಮನ್ನು ಪ್ರತ್ಯೇಕವಾಗಿ ಇರಿಸಬಹುದು. ಮನೆಗಲ್ಲ, ಕ್ವಾರಂಟೈನ್‌ಗೆ. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಆ ಕಾರ್ಡಿಗೆ ಬೆಲೆ. ಹಾಗಾಗಿ ಸೂಟ್‌ಕೇಸ್ ತುಂಬುವ ವಾರದಲ್ಲಿ ನೆನಪಾದರೆ ಪ್ರಯೋಜನವಿಲ್ಲ. ಒಮ್ಮೆ ಹಾಕಿಸಿಕೊಂಡರೆ ಸಾಕು, ಜೀವಮಾನಕ್ಕೆ ಆಯಿತು. 2016ರಿಂದ ನಿಯಮ ಹಾಗಿದೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಸಾಗರದಿಂದ ಅಪ್ಪ ಬಂದಿದ್ದರು. ಎಪ್ಪತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತಗೋತಾರೆ. ಲಸಿಕೆ ಹಾಕಿಸೋಣ ಅಂತ ಕರೆದುಕೊಂಡು ಹೋದರೆ ಡಾಕ್ಟರು ತಡೆದರು. ಅರವತ್ತು ದಾಟಿದವರು ಮೊದಲ ಸಲ ಈ ಲಸಿಕೆ ತೆಗೆದುಕೊಂಡರೆ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಅಪರೂಪ, ಆದರೆ ಬಂದರೆ ದೊಡ್ಡದೇ. "ಕಾಡಿಗೆ ಹೋಗ್ತೀರಾ?" ಅಂತ ಕೇಳಿದರು. ಟ್ರಿನಿಡಾಡ್‌ನಲ್ಲಿ ಲಸಿಕೆ ಬೇಕಾಗುವುದು ದಟ್ಟ ಕಾಡಿನ ಕಡೆ ಹೋಗುವವರಿಗೆ. ಅದೇ ದೇಶದ ಇನ್ನೊಂದು ದ್ವೀಪ ಟೊಬೇಗೊಗೆ ಮಾತ್ರ ಹೋಗುವವರಿಗೆ ಬೇಕಾಗಿಲ್ಲ. ಕೊನೆಗೆ ನಾನು, ನಮ್ಮ ಯಜಮಾನರು, ಮಗ ಮೂವರೂ ಹಾಕಿಸಿಕೊಂಡೆವು. ಅಪ್ಪ ಹಾಕಿಸಿಕೊಳ್ಳಲಿಲ್ಲ, ಕಾಡಿಗೂ ಬರುವುದಿಲ್ಲ ಅಂತ ತೀರ್ಮಾನವಾಯಿತು. ಅವರು ಊರಿಗೆ ಹೊರಡಲು ಇನ್ನೂ ಹಲವು ವಾರ ಇದ್ದುದರಿಂದ ಆರು ದಿನದ ನಿಯಮವೂ ಅಡ್ಡ ಬರಲಿಲ್ಲ. ನಿಮ್ಮ ಮನೆಯ ಹಿರಿಯರ ವಿಷಯದಲ್ಲಿ ಲೆಕ್ಕ ಬೇರೆ ಆಗಬಹುದು. ಅದನ್ನು ಡಾಕ್ಟರ ಹತ್ತಿರವೇ ಕೂತು ಮಾತಾಡಿ.

ಭಾರತ ಯಾಕೆ ಇಷ್ಟು ಬಿಗಿ ಅಂತ ಮಗ ಕೇಳಿದ. ಉತ್ತರ ಕೊಟ್ಟವರು ಅಪ್ಪ. ಹಳದಿ ಜ್ವರ ನಮ್ಮ ದೇಶದಲ್ಲಿ ಇಲ್ಲ, ಆದರೆ ಅದನ್ನು ಹರಡುವ ಸೊಳ್ಳೆ ಇದೆ. ಡೆಂಗಿ ತರುವ ಈಡಿಸ್ ಸೊಳ್ಳೆಯೇ ಅದು. ಒಬ್ಬರು ರಕ್ತದಲ್ಲಿ ವೈರಸ್ ಹೊತ್ತು ಬಂದರೂ ಸಾಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ, ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇನೋ ಅಂತ ವಿಜ್ಞಾನಿಗಳು ಮೊದಲು ಗಾಬರಿಯಾಗಿದ್ದರಂತೆ. ಆಮೇಲೆ ಅದು ಬೇರೆಯದೇ ವೈರಸ್, ಉಣ್ಣೆ ಹುಳುವಿನಿಂದ ಹರಡುವುದು ಅಂತ ಗೊತ್ತಾಯಿತು. ಮಂಗನ ಕಾಯಿಲೆ. ಅಪ್ಪನಿಗೆ ಅದು ಓದಿ ತಿಳಿದ ವಿಷಯವಲ್ಲ, ಅವರು ಹುಟ್ಟಿ ಬೆಳೆದ ಕಡೆಯದು.

ಸಾಮಾನಿನ ಬಗ್ಗೆ ಎರಡು ಮಾತು. ಇನ್ಸುಲಿನ್ ಕೈಚೀಲದಲ್ಲೇ ಇರಲಿ. ಲಗೇಜಿಗೆ ಹಾಕಿದರೆ ವಿಮಾನದ ಹೊಟ್ಟೆಯ ಚಳಿಗೆ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ್ದನ್ನು ಮತ್ತೆ ಬಳಸುವಂತಿಲ್ಲ. ಮಾತ್ರೆಗಳೆಲ್ಲ ಅದರದರ ಡಬ್ಬಿಯಲ್ಲೇ ಇರಬೇಕು, ಜೊತೆಗೆ ಚೀಟಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರಲ್ಲ, ಔಷಧಿಯ ಮೂಲ ಹೆಸರು ಬರೆಸಿ. ನಮ್ಮ ಬ್ರ್ಯಾಂಡು ಅಲ್ಲಿನ ಅಂಗಡಿಯವರಿಗೆ ಗೊತ್ತಿರಲ್ಲ. ಇನ್ನೊಂದು, ಮಿಲಿಟರಿ ಡಿಸೈನಿನ ಬಟ್ಟೆ ಬೇಡ. ಸಾಮಾನ್ಯ ಜನ ಅದನ್ನು ಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳ ಚಡ್ಡಿಗೂ ರಿಯಾಯಿತಿ ಇಲ್ಲ. ಮಗನ ಇಷ್ಟದ ಚಡ್ಡಿ ಮನೆಯಲ್ಲೇ ಉಳಿಯಿತು.

ಮೊದಲ ದಿನ: ಪಿಯಾರ್ಕೊದಿಂದ ಊರೊಳಗೆ

ಹಗಲಲ್ಲಿ ಇಳಿಯುವ ವಿಮಾನವನ್ನೇ ಹುಡುಕಿ ಟಿಕೆಟ್ ಮಾಡಿದ್ದೆವು. ರಾತ್ರಿ ಪಿಯಾರ್ಕೊ ವಿಮಾನ ನಿಲ್ದಾಣದಿಂದ ಹೊರಟ ಕಾರುಗಳನ್ನು ಹಿಂಬಾಲಿಸಿ ದರೋಡೆ ಮಾಡಿದ ಪ್ರಕರಣಗಳಿವೆ. ಸ್ವಲ್ಪ ದುಡ್ಡು ಜಾಸ್ತಿಯಾದರೂ ಹಗಲಿನದೇ ಒಳ್ಳೆಯದು.

ಟ್ಯಾಕ್ಸಿ ಹತ್ತುವ ಮುಂಚೆ ನಂಬರ್ ಪ್ಲೇಟ್ ನೋಡಿ. ಬಾಡಿಗೆಗೆ ನೋಂದಾಯಿಸಿದ ಗಾಡಿಗಳ ನಂಬರು 'ಎಚ್' ಅಕ್ಷರದಿಂದ ಶುರುವಾಗುತ್ತದೆ. 'ಪಿ' ಅಂತ ಇದ್ದರೆ ಖಾಸಗಿ ಕಾರು. ಅದರಲ್ಲೂ ಜನ ಹತ್ತಿಸಿಕೊಂಡು ಓಡಿಸುವವರು ಬಹಳ ಇದ್ದಾರೆ, ಊರಿನವರು ಹತ್ತುತ್ತಾರೆ. ಹೊಸಬರಿಗೆ ಬೇಡ. ಮ್ಯಾಕ್ಸಿ ಟ್ಯಾಕ್ಸಿ ಅನ್ನುವ ಬಿಳಿ ವ್ಯಾನುಗಳಿಗೆ ಬಣ್ಣದ ಪಟ್ಟಿ ಇರುತ್ತದೆ. ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಸುತ್ತ ಹಳದಿ, ಪೂರ್ವದ ಕಡೆಗೆ ಕೆಂಪು, ನಡುವಿನ ಮತ್ತು ದಕ್ಷಿಣದ ಊರುಗಳಿಗೆ ಹಸಿರು. ರಸ್ತೆಯಲ್ಲಿ ಎಡಗಡೆಯೇ ಓಡಿಸುವುದು, ಹಾಗಾಗಿ ರಸ್ತೆ ದಾಟುವಾಗ ನಮ್ಮ ಊರಿನ ಅಭ್ಯಾಸವೇ ಸಾಕು.

ನಾವು ಉಳಿದದ್ದು ಪೋರ್ಟ್ ಆಫ್ ಸ್ಪೇನ್‌ನ ವುಡ್‌ಬ್ರೂಕ್‌ನಲ್ಲಿ, ಒಬ್ಬ ಹಿರಿಯ ಹೆಂಗಸು ನಡೆಸುವ ಮನೆಯಲ್ಲಿ. ಅಲ್ಲಿಯೂ ದೊಡ್ಡವರನ್ನು ಆಂಟಿ ಅಂತಲೇ ಕರೆಯುತ್ತಾರೆ, ನಾವೂ ಹಾಗೇ ಕರೆದೆವು. ಚಹಾ ಕೊಟ್ಟು ಮೇಜಿನ ಮೇಲೆ ನಕ್ಷೆ ಹರಡಿ ಹೇಳಿದರು. ಇಲ್ಲಿ ಹಗಲು ಹೊತ್ತು ಆರಾಮಾಗಿ ನಡೀರಿ. ಕ್ವೀನ್ಸ್ ಪಾರ್ಕ್ ಸವಾನಾದ ಅಂಚಿನಲ್ಲಿ ಸಂಜೆ ವಾಕಿಂಗ್ ಮಾಡಿ, ಎಳನೀರು ಕುಡೀರಿ, ಕತ್ತಲಾದ ಮೇಲೆ ಮೈದಾನದ ಒಳಗೆ ಹೋಗಬೇಡಿ. ಲಾವೆಂಟಿಲ್, ಬೀಥಮ್, ಸೀ ಲಾಟ್ಸ್ ಕಡೆ ಸುಮ್ನೆ ನೋಡೋಕೆ ಅಂತಲೂ ಹೋಗಬೇಡಿ. ಅಲ್ಲಿ ಬದುಕುವ ಜನ ಕೆಟ್ಟವರು ಅಂತ ಅಲ್ಲ, ಗ್ಯಾಂಗುಗಳ ಜಗಳದಲ್ಲಿ ಅವರೇ ಮೊದಲು ಸಾಯುವುದು. ಆಂಟಿಯ ದನಿಯಲ್ಲಿ ಸಂಕಟವಿತ್ತು. ಈ ಗಲಾಟೆಯಿಂದಲೇ 2024ರ ಡಿಸೆಂಬರ್ 30ರಂದು ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿತ್ತು, 2025ರ ಜುಲೈನಲ್ಲಿ ಮತ್ತೊಮ್ಮೆ. ಇಂಥ ಸಮಯದಲ್ಲಿ ಪೊಲೀಸರಿಗೆ ವಾರಂಟ್ ಇಲ್ಲದೆ ತಪಾಸಣೆ ಮಾಡುವ ಅಧಿಕಾರ ಸಿಗುತ್ತದೆ. ನೀವು ಹೊರಡುವ ವಾರದಲ್ಲಿ ಪರಿಸ್ಥಿತಿ ಹೇಗಿದೆ ಅಂತ ನೋಡಿಕೊಂಡೇ ಹೊರಡಿ. ಹಳೆಯ ಸುದ್ದಿ ನಂಬಿ ಹೆದರುವುದೂ ಬೇಡ, ಹಳೆಯ ಸುದ್ದಿ ನಂಬಿ ಧೈರ್ಯ ಮಾಡುವುದೂ ಬೇಡ.

ಮೂರು ನಂಬರುಗಳನ್ನು ಆಂಟಿ ಮಗನ ಕೈಯಲ್ಲಿ ಬರೆಸಿದರು. ಪೊಲೀಸ್ 999, ಆಂಬುಲೆನ್ಸ್ 811, ಅಗ್ನಿಶಾಮಕ 990. ಒಂದೊಂದಕ್ಕೂ ಬೇರೆ ನಂಬರು ಅನ್ನುವುದು ತುರ್ತಿನಲ್ಲಿ ನೆನಪಿಗೆ ಬರಲ್ಲ, ಫೋನಿನಲ್ಲಿ ಸೇವ್ ಮಾಡಿಡಿ.

ಎರಡನೇ ದಿನ: ಮರಾಕಸ್

ಉತ್ತರ ತೀರದ ಬೆಟ್ಟದ ರಸ್ತೆ ಹತ್ತಿ ಇಳಿದರೆ ಮರಾಕಸ್ ಬೀಚು. ಟ್ರಿನಿಡಾಡ್‌ನ ಜನ ಭಾನುವಾರ ಬಂತೆಂದರೆ ಇಲ್ಲಿಗೇ ಬರುವುದು. ಕರಿದ ರೊಟ್ಟಿಯೊಳಗೆ ಶಾರ್ಕ್ ಮೀನಿಟ್ಟು ಕೊಡುವ ಬೇಕ್ ಆಂಡ್ ಶಾರ್ಕ್ ಅಂಗಡಿಗಳ ಸಾಲು, ತೆಂಗಿನ ಮರ, ಬಿಳಿ ನೊರೆ. ಈ ದಿನದ ಬಗ್ಗೆ ಜಾಸ್ತಿ ಬರೆಯುತ್ತೇನೆ. ಅಪರಾಧದ ಸುದ್ದಿ ಓದಿ ಹೆದರುವ ನಮ್ಮ ಜನ ಸಮುದ್ರಕ್ಕೆ ಹೆದರುವುದು ಕಮ್ಮಿ.

ತೀರದಲ್ಲಿ ಕೆಂಪು-ಹಳದಿ ಬಾವುಟಗಳು ಇದ್ದವು. ಆ ಎರಡು ಬಾವುಟದ ನಡುವೆ ಮಾತ್ರ ನೀರಿಗಿಳಿಯಬೇಕು, ಅಲ್ಲಿ ಲೈಫ್‌ಗಾರ್ಡ್ ಕಣ್ಣಿಟ್ಟಿರುತ್ತಾರೆ. ಬರೀ ಕೆಂಪು ಬಾವುಟ ಇದ್ದರೆ ಇಳಿಯಲೇಬಾರದು. ಸ್ವಲ್ಪ ಆಚೆಗೆ ಒಂದು ಜಾಗ ಇತ್ತು. ಎರಡೂ ಪಕ್ಕ ಅಲೆಗಳು ಒಡೆದು ನೊರೆಯಾಗುತ್ತಿದ್ದರೆ ನಡುವೆ ಅಷ್ಟಗಲ ನೀರು ಸುಮ್ಮನಿತ್ತು. ಸ್ವಲ್ಪ ಕಪ್ಪಗೆ, ನಯವಾಗಿ. ಮಗ ಅಲ್ಲಿಗೇ ಹೊರಟ. "ಅಲೆ ಇಲ್ಲ ನೋಡಮ್ಮ, ಅಲ್ಲಿ ಆಡ್ತೀನಿ."

ಲೈಫ್‌ಗಾರ್ಡ್ ಎತ್ತರದ ಕುರ್ಚಿಯಿಂದ ಇಳಿದು ಬಂದ. ಬೈಯಲಿಲ್ಲ. ಮಗನನ್ನು ನೀರಿನಂಚಿಗೆ ಕರೆದುಕೊಂಡು ಹೋಗಿ, ಒಣಗಿದ ತೆಂಗಿನ ಸಿಪ್ಪೆಯೊಂದನ್ನು ಆ ಸುಮ್ಮನಿದ್ದ ನೀರಿಗೆ ಎಸೆದ. ನೋಡುತ್ತಾ ನಿಂತೆವು. ಸಿಪ್ಪೆ ದಡಕ್ಕೆ ಬರಲಿಲ್ಲ. ಕುಣಿಯಲೂ ಇಲ್ಲ. ಯಾರೋ ದಾರ ಕಟ್ಟಿ ಎಳೆದ ಹಾಗೆ ನೇರ ಸಮುದ್ರದ ಕಡೆಗೆ ಹೋಯಿತು. ಅಲೆ ಒಡೆಯುವ ಗೆರೆ ದಾಟಿತು, ಸಣ್ಣದಾಯಿತು, ಆಮೇಲೆ ಕಾಣಲಿಲ್ಲ. ಅಲೆಗಳು ದಡಕ್ಕೆ ತಂದು ಸುರಿದ ನೀರೆಲ್ಲ ಎಲ್ಲಿಂದಾದರೂ ವಾಪಸ್ ಹೋಗಲೇಬೇಕಲ್ವಾ? ಆ ದಾರಿ ಇದು.

ಸಿಕ್ಕಿಕೊಂಡರೆ ಏನು ಮಾಡಬೇಕು ಅಂತಲೂ ಅವನೇ ಹೇಳಿಕೊಟ್ಟ. ದಡದ ಕಡೆ ಈಜಬೇಡ, ಎಂಥ ಈಜುಗಾರನೂ ಸೋಲುತ್ತಾನೆ. ಮುಳುಗಿಸುವುದು ಸೆಳೆತವಲ್ಲ, ಸುಸ್ತು. ತೇಲು, ಕೈ ಎತ್ತಿ ಕರೆ, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜು. ಸೆಳೆತದ ಅಗಲ ದಾಟಿದ ಮೇಲೆ ಅಲೆಯೇ ದಡಕ್ಕೆ ತರುತ್ತದೆ. ಇನ್ನೊಬ್ಬರನ್ನು ಕಾಪಾಡಲು ಹಾರಬೇಡ, ತೇಲುವ ಏನನ್ನಾದರೂ ಎಸೆ. ಗೋಕರ್ಣದಲ್ಲಿ, ಮುರುಡೇಶ್ವರದಲ್ಲಿ ಒಬ್ಬರನ್ನು ಉಳಿಸಲು ಹೋಗಿ ಇನ್ನಿಬ್ಬರು ಹೋದ ಸುದ್ದಿ ಎಷ್ಟು ಸಲ ಓದಿದ್ದೇವೆ. ಅಪ್ಪ ಕೇಳಿಸಿಕೊಂಡು, "ಇದನ್ನ ಶಾಲೆಯಲ್ಲಿ ಹೇಳಿಕೊಡಬೇಕು, ಟ್ರಿಪ್ಪಿಗೆ ಕರ್ಕೊಂಡು ಹೋಗೋ ಮೇಷ್ಟ್ರುಗಳಿಗೆ ಮೊದಲು" ಅಂದರು. ನನಗೂ ಹಾಗೇ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಅಪ್ಪ ಮರಳಲ್ಲಿ ಚಪ್ಪಲಿ ಬಿಡಲಿಲ್ಲ. ಸಕ್ಕರೆ ಕಾಯಿಲೆ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಮ್ಮಿಯಾಗಿದ್ದರೆ ಬಿಸಿ ಮರಳು ಸುಟ್ಟದ್ದೂ ಗೊತ್ತಾಗಲ್ಲ. ಸಂಜೆ ಪಾದ ತೊಳೆದು ಬೆರಳ ಸಂದಿ ನೋಡಿಕೊಳ್ಳಬೇಕು.

ಮೂರನೇ ದಿನ: ಕಾಡು, ದೇವಸ್ಥಾನ

ಇವತ್ತು ಎರಡು ಗುಂಪಾದೆವು. ನಮ್ಮ ಯಜಮಾನರೂ ಅಪ್ಪನೂ ವಾಟರ್‌ಲೂ ಕಡೆ ಹೋದರು. ಅಲ್ಲಿ ಸಮುದ್ರದೊಳಗೆ ಒಂದು ದೇವಸ್ಥಾನ ಇದೆ. ಕಬ್ಬಿನ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದ ಅಂತ ಸಿವದಾಸ್ ಸಾಧು ಅನ್ನುವವರನ್ನು ಜೈಲಿಗೆ ಹಾಕಿ, ಗುಡಿ ಕೆಡವಿದರು. ಸಮುದ್ರ ಯಾರ ಜಾಗವೂ ಅಲ್ಲ ಅಂತ ಆತ ಸೈಕಲ್ಲಿನಲ್ಲಿ ಕಲ್ಲು-ಮಣ್ಣು ಸಾಗಿಸಿ ವರ್ಷಗಟ್ಟಲೆ ನೀರಿನಲ್ಲೇ ಕಟ್ಟಿದ. ಅಪ್ಪ ಮಧ್ಯಾಹ್ನದವರೆಗೂ ಅಲ್ಲೇ ಕೂತಿದ್ದರಂತೆ.

ನಾನೂ ಮಗನೂ ಗೈಡ್ ಜೊತೆ ನಾರ್ದರ್ನ್ ರೇಂಜ್ ಕಾಡಿಗೆ. ಪೂರ್ತಿ ತೋಳಿನ ಅಂಗಿ, ಪ್ಯಾಂಟು ಸಾಕ್ಸಿನೊಳಗೆ. ಮೊದಲು ಸನ್‌ಸ್ಕ್ರೀನ್, ಅದು ಒಣಗಿದ ಮೇಲೆ ಸೊಳ್ಳೆ ಕ್ರೀಮು. ಈ ಕ್ರಮ ತಪ್ಪಿದರೆ ಸೊಳ್ಳೆ ಕ್ರೀಮಿನ ಮೇಲೆ ಸನ್‌ಸ್ಕ್ರೀನ್ ಕೂತು ಅದರ ಕೆಲಸ ಕೆಡುತ್ತದೆ. ಡೀಟ್ ಅನ್ನುವ ಅಂಶ ಶೇಕಡಾ 20ರಿಂದ 30ರಷ್ಟು ಇರುವುದನ್ನು ತೆಗೆದುಕೊಳ್ಳಿ.

ದೂರದಲ್ಲಿ ಹೌಲರ್ ಮಂಗಗಳು ಕೂಗಿದವು. ಗೈಡ್ ನಿಂತು ಕೇಳಿಸಿಕೊಂಡರು. "ಕೂಗ್ತಿದ್ರೆ ಒಳ್ಳೇದು. ಕೂಗು ನಿಂತರೆ ನಮಗೆ ಚಿಂತೆ." ಇಲ್ಲಿ ಹಳದಿ ಜ್ವರದ ವೈರಸ್ ಮಂಗ ಮತ್ತು ಕಾಡಿನ ಸೊಳ್ಳೆಗಳ ನಡುವೆಯೇ ಸುತ್ತುತ್ತಿರುತ್ತದೆ. 2008-09ರಲ್ಲಿ ಹೌಲರ್‌ಗಳು ಸತ್ತು ಬಿದ್ದಾಗ ಸರ್ಕಾರ ಜನರಿಗೆ ಲಸಿಕೆ ಹಾಕಲು ಮುಂದಾಯಿತು. ಸಾಗರದಲ್ಲೂ ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆಸ್ಪತ್ರೆಗೆ ತಿಳಿಸಿ ಅಂತಲೇ ಹೇಳುವುದು. ಎರಡು ಊರಿಗೂ ಒಂದೇ ಪಾಠ.

ಬಾವಲಿಯ ವಿಷಯವನ್ನೂ ಅವರೇ ಹೇಳಿದರು. ರಕ್ತ ಕುಡಿಯುವ ಬಾವಲಿಗಳಿಂದ ರೇಬೀಸ್ ಹರಡುತ್ತದೆ ಅಂತ 1930ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟದ್ದು ಇದೇ ಟ್ರಿನಿಡಾಡ್‌ನ ಡಾಕ್ಟರು ಜೋಸೆಫ್ ಲೆನಾಕ್ಸ್ ಪವನ್. ಹೆಚ್ಚಾಗಿ ಕಚ್ಚುವುದು ದನಗಳನ್ನು. ಆದರೂ ಕಾಡಂಚಿನಲ್ಲಿ ಉಳಿಯುವುದಾದರೆ ಕಿಟಕಿಗೆ ಜಾಲರಿ ಇದೆಯಾ ನೋಡಿ. ಕಚ್ಚಿದ್ದು ತೀರಾ ಸಣ್ಣ ಗಾಯ, ನಿದ್ದೆಯಲ್ಲಿ ಗೊತ್ತೇ ಆಗದಿರಬಹುದು. ಕಚ್ಚಿದೆ ಅಂತ ಅನುಮಾನ ಬಂದರೂ ಸೋಪು-ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕಾದು ನೋಡುವ ಕಾಯಿಲೆ ಅಲ್ಲ ಅದು.

ನಾಲ್ಕನೇ ದಿನ: ದೂಳು, ಡಾಂಬರು, ಡಬಲ್ಸ್

ಬೆಳಿಗ್ಗೆ ಎದ್ದರೆ ಬೆಟ್ಟಗಳು ಕಾಣಲಿಲ್ಲ. ಮಂಜು ಅಂದುಕೊಂಡೆ. "ಸಹಾರಾ ದೂಳು" ಅಂದರು ಆಂಟಿ. ಆಫ್ರಿಕಾದ ಮರಳುಗಾಡಿನ ಸಣ್ಣ ದೂಳು ಅಟ್ಲಾಂಟಿಕ್ ದಾಟಿ ಇಲ್ಲಿಗೆ ಬರುತ್ತದೆ. ಹವಾಮಾನ ಇಲಾಖೆಯವರು ಮುಂಚೆಯೇ ತಿಳಿಸುತ್ತಾರೆ. ಮಗನಿಗೆ ವೀಸಿಂಗ್ ಇದೆ. ಇನ್‌ಹೇಲರ್ ಜೇಬಿನಲ್ಲಿ, ಮಾಸ್ಕ್ ಮುಖದ ಮೇಲೆ, ಓಡಾಟ ಕಮ್ಮಿ. ಆಸ್ತಮಾ ಇರುವವರು ಈ ಒಂದು ವಿಷಯ ಮರೆಯಬೇಡಿ.

ಲಾ ಬ್ರೇಯಲ್ಲಿ ಡಾಂಬರಿನ ಕೆರೆ ಇದೆ, ಸುಮಾರು ನೂರು ಎಕರೆ. ಮೇಲೆ ನಡೆಯಬಹುದು. ಗೈಡ್ ಹೆಜ್ಜೆ ಇಟ್ಟ ಕಡೆಯೇ ಹೆಜ್ಜೆ ಇಡಬೇಕು, ಕೆಲವು ಕಡೆ ಮೆತ್ತಗಿರುತ್ತದೆ. ನೋಡಿ ಹೊರಟೆವು.

ವಾಪಸ್ ಬರುವಾಗ ಡೆಬೆಯಲ್ಲಿ ಡಬಲ್ಸ್. ಬಾರಾ ಅನ್ನುವ ಎರಡು ಮೆತ್ತನೆ ಕರಿದ ರೊಟ್ಟಿ, ನಡುವೆ ಕಡಲೆಯ ಪಲ್ಯ, ಹುಣಸೆ ಚಟ್ನಿ. ಅಪ್ಪ ಮಾಂಸ-ಮೀನು ಮುಟ್ಟುವುದಿಲ್ಲ. ಟ್ರಿನಿಡಾಡ್‌ನಲ್ಲಿ ಅವರಿಗೆ ಒಂದು ಹೊತ್ತೂ ಊಟಕ್ಕೆ ತೊಂದರೆ ಆಗಲಿಲ್ಲ. 1845ರಿಂದ ಬಂದ ಭಾರತದ ಕೂಲಿಕಾರರು ಉಳಿಸಿಕೊಂಡ ಅಡುಗೆ ಅದು. ಖಾರ ಎಷ್ಟು ಅಂತ ಅಂಗಡಿಯವರು ಕೇಳುತ್ತಾರೆ, "ಸ್ಲೈಟ್ ಪೆಪ್ಪರ್" ಅನ್ನಿ. ಬ್ಯಾಡಗಿ ಮೆಣಸಿನಕಾಯಿ ತಿಂದ ಧೈರ್ಯ ಇಲ್ಲಿ ಸಾಲದು. ಜಗತ್ತಿನ ಅತಿ ಖಾರದ್ದು ಅಂತ ಒಮ್ಮೆ ಹೆಸರಾದ ಮೊರುಗಾ ಸ್ಕಾರ್ಪಿಯನ್ ಈ ದ್ವೀಪದ್ದೇ. ಜನ ಸಾಲು ನಿಂತಿರುವ, ಆಗಾಗಲೇ ಕರಿದು ಕೊಡುವ ಗಾಡಿಯಲ್ಲಿ ತಿನ್ನಿ. ನೀರು ಮಾತ್ರ ಬಾಟಲಿಯದು ಕುಡಿದೆವು. ನಲ್ಲಿ ನೀರು ಶುದ್ಧ ಮಾಡಿಯೇ ಬಿಡುತ್ತಾರೆ, ಆದರೆ ಬಹಳ ಮನೆಗಳಲ್ಲಿ ಅದು ಮೇಲಿನ ಟ್ಯಾಂಕಿನಲ್ಲಿ ನಿಂತು ಬರುತ್ತದೆ. ಆ ಟ್ಯಾಂಕು ಎಷ್ಟು ಸ್ವಚ್ಛ ಅನ್ನುವುದು ಮನೆಯವರಿಗೇ ಗೊತ್ತು.

ಐದನೇ ದಿನ: ಟೊಬೇಗೊ

ಪಿಯಾರ್ಕೊದಿಂದ ಅರ್ಧ ಗಂಟೆಯೂ ಹಿಡಿಯದ ವಿಮಾನ. ಹಡಗೂ ಇದೆ, ಹೊಟ್ಟೆ ತೊಳಸುವವರು ಮಾತ್ರೆ ನುಂಗಿ ಹತ್ತಬೇಕು.

ಪಿಜನ್ ಪಾಯಿಂಟ್ ಬೀಚಿನಲ್ಲಿ ಗಾಳಿ ತಂಪು. ಅದೇ ಮೋಸ. ಟೊಬೇಗೊ ಇರುವುದು 11 ಡಿಗ್ರಿ ಉತ್ತರದಲ್ಲಿ, ಬೆಂಗಳೂರಿಗಿಂತಲೂ ಭೂಮಧ್ಯ ರೇಖೆಗೆ ಹತ್ತಿರ. ಬಿಸಿಲು ತಾಕುತ್ತಿದೆ ಅಂತ ಮೈಗೆ ಅನ್ನಿಸುವುದಿಲ್ಲ, ಸಂಜೆ ಚರ್ಮ ಉರಿಯುತ್ತದೆ. ನಮ್ಮದು ಕಪ್ಪು ಮೈ, ನಮಗೇನೂ ಆಗಲ್ಲ ಅನ್ನುವ ಮಾತು ನಂಬಬೇಡಿ. ಅಪ್ಪನಿಗೆ ಗಂಟೆಗೊಮ್ಮೆ ನೀರು ಕೊಡುತ್ತಿದ್ದೆ, ಹನ್ನೊಂದರಿಂದ ಮೂರರವರೆಗೆ ನೆರಳು. ಇನ್ಸುಲಿನ್ ಒದ್ದೆ ಬಟ್ಟೆಯ ಚೀಲದಲ್ಲಿ, ಬಿಸಿಲು ಬೀಳದ ಕಡೆ.

ಆರನೇ ದಿನ: ಹವಳದ ದಿಬ್ಬ ಮತ್ತು ಒಂದು ಮರ

ಗಾಜಿನ ತಳದ ದೋಣಿಯಲ್ಲಿ ಬಕ್ಕೂ ರೀಫ್, ಆಮೇಲೆ ನೈಲಾನ್ ಪೂಲ್. ಸಮುದ್ರದ ನಡುವೆ ಎದೆಮಟ್ಟದ ನೀರು, ಕೆಳಗೆ ಬಿಳಿ ಮರಳು. ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ ಅಂತ ದೋಣಿ ಹತ್ತುವ ಮುಂಚೆಯೇ ಎಣಿಸಿ. ಕಡಿಮೆ ಇದ್ದರೆ ಆ ದೋಣಿ ಬಿಡಿ. ಹವಳ ಮುಟ್ಟಬೇಡಿ. ಹವಳಕ್ಕೂ ಕೇಡು, ನಿಮಗೂ. ಬೆಂಕಿ ಹವಳ ತಾಗಿದರೆ ಚರ್ಮ ಸುಟ್ಟಂತೆ ಆಗುತ್ತದೆ.

ಮೀನು ತಿನ್ನುವವರಿಗೆ ಒಂದು ಮಾತು. ಹವಳದ ದಿಬ್ಬದ ದೊಡ್ಡ ಮೀನುಗಳಲ್ಲಿ, ಮುಖ್ಯವಾಗಿ ಬಾರಾಕುಡಾದಲ್ಲಿ, ಸಿಗ್ವಾಟೆರಾ ಅನ್ನುವ ವಿಷ ಇರಬಹುದು. ರುಚಿಯಲ್ಲಿ ಗೊತ್ತಾಗಲ್ಲ, ಬೇಯಿಸಿದರೂ ಹೋಗಲ್ಲ. ವಾಂತಿ-ಭೇದಿಯ ಜೊತೆಗೆ ತುಟಿ ಜುಮುಗುಟ್ಟಿ, ತಣ್ಣೀರು ಮುಟ್ಟಿದರೆ ಸುಟ್ಟಂತೆ ಅನ್ನಿಸಿದರೆ ಅದೇ ಅಂತ ಅನುಮಾನಿಸಿ, ಆಸ್ಪತ್ರೆಗೆ ಹೋಗಿ. ನಮ್ಮ ಯಜಮಾನರು ಬಾರಾಕುಡಾ ಬಿಟ್ಟು ಬೇರೆ ಮೀನು ತಿಂದರು.

ಮಧ್ಯಾಹ್ನ ಸಣ್ಣ ಮಳೆ ಬಂತು. ಹತ್ತಿರದ ಮರದ ಕೆಳಗೆ ಓಡುವುದು ನಮ್ಮ ಅಭ್ಯಾಸ. ದೋಣಿಯವರು ಜೋರಾಗಿ ಕೂಗಿ ನಿಲ್ಲಿಸಿದರು. ಅದು ಮ್ಯಾಂಚಿನೀಲ್ ಮರ. ಹೊಳೆಯುವ ಹಸಿರು ಎಲೆ, ನೆಲದಲ್ಲಿ ಬಿದ್ದ ಸಣ್ಣ ಹಸಿರು ಸೇಬಿನಂಥ ಹಣ್ಣು, ಸಿಹಿ ವಾಸನೆ. ಅದರ ಬಿಳಿ ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಮಳೆ ನೀರು ಎಲೆಯಿಂದ ಆ ಹಾಲನ್ನು ತೊಳೆದು ಕೆಳಗೆ ನಿಂತವರ ಮೇಲೆ ಸುರಿಯುತ್ತದೆ. ಹಣ್ಣು ಮೊದಲು ಸಿಹಿ, ಆಮೇಲೆ ಗಂಟಲು ಉರಿದು ಊದಿಕೊಳ್ಳುತ್ತದೆ. ಕಟ್ಟಿಗೆ ಸುಟ್ಟ ಹೊಗೆಯೂ ಕಣ್ಣಿಗೆ ಅಪಾಯ. ಕೆರಿಬಿಯನ್‌ನ ಹಲವು ಬೀಚುಗಳಲ್ಲಿ ಈ ಮರಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲ ಮರಕ್ಕೂ ಅಲ್ಲ. ಬೀಚಿನಲ್ಲಿ ಬಿದ್ದ ಹಣ್ಣು ಮುಟ್ಟಬಾರದು ಅಂತ ಮಕ್ಕಳಿಗೆ ಮೊದಲ ದಿನವೇ ಹೇಳಿಡಿ. ನಾವು ನೆನೆಯುತ್ತಲೇ ನಿಂತೆವು.

ಕೊನೆಯ ದಿನ, ಮತ್ತು ಆಮೇಲೆ

ಚಂಡಮಾರುತದ ಭಯ ಇತ್ತಾ ಅಂತ ಬಹಳ ಜನ ಕೇಳಿದರು. ಅದರ ಕಾಲ ಜೂನ್‌ನಿಂದ ನವೆಂಬರ್. ನಾವು ಹೋದದ್ದು ಏಪ್ರಿಲ್, ಒಣ ಕಾಲ. ಟ್ರಿನಿಡಾಡ್ ತೀರಾ ದಕ್ಷಿಣದಲ್ಲಿರುವುದರಿಂದ ಹೆಚ್ಚಿನ ಚಂಡಮಾರುತಗಳು ಅದರ ಉತ್ತರಕ್ಕೆ ಹಾದುಹೋಗುತ್ತವೆ. ಆದರೆ 1963ರ ಫ್ಲೋರಾ ಟೊಬೇಗೊವನ್ನು ಹಾಳುಮಾಡಿತ್ತು, ಹಾಗಾಗಿ ಆ ತಿಂಗಳುಗಳಲ್ಲಿ ಹೋಗುವವರು ಟಿಕೆಟ್ ರದ್ದಾದರೆ ದುಡ್ಡು ಬರುವ ವಿಮೆ ಮಾಡಿಸಿ. ವಿಮೆಯಲ್ಲಿ ಇನ್ನೂ ಒಂದು ನೋಡಬೇಕು. ರೋಗಿಯನ್ನು ವಿಮಾನದಲ್ಲಿ ಬೇರೆ ದೇಶಕ್ಕೆ ಸಾಗಿಸುವ ಖರ್ಚು ಸೇರಿದೆಯಾ, ಮೊದಲೇ ಇರುವ ಕಾಯಿಲೆಗೆ ಅನ್ವಯಿಸುತ್ತದಾ? ಟೊಬೇಗೊದಲ್ಲಿ ಸ್ಕಾರ್ಬರೋ ಆಸ್ಪತ್ರೆ ಇದೆ, ದೊಡ್ಡ ತೊಂದರೆಯಾದರೆ ಟ್ರಿನಿಡಾಡ್‌ಗೋ ಅದರಾಚೆಗೋ ಹೋಗಬೇಕಾಗಬಹುದು. ಅಪ್ಪನ ಪಾಲಿಸಿಯನ್ನು ಈ ಎರಡು ಸಾಲಿಗಾಗಿಯೇ ಪೂರ್ತಿ ಓದಿದ್ದೆ.

ಮನೆಗೆ ಬಂದ ವಾರದಲ್ಲಿ ಮಗನಿಗೆ ಜ್ವರ ಬಂತು. 2024ರಲ್ಲಿ ಟ್ರಿನಿಡಾಡ್‌ನಲ್ಲೂ ಕರ್ನಾಟಕದಲ್ಲೂ ಡೆಂಗಿ ಜೋರಾಗಿ ಹರಡಿತ್ತು, ಆ ನೆನಪು ಇದ್ದೇ ಇತ್ತು. ಪ್ಯಾರಾಸಿಟಮಾಲ್ ಮಾತ್ರ ಕೊಟ್ಟೆ. ಡೆಂಗಿ ಅನುಮಾನ ಇದ್ದಾಗ ಐಬುಪ್ರೊಫೆನ್, ಆಸ್ಪಿರಿನ್ ಕೊಡಬಾರದು, ರಕ್ತಸ್ರಾವ ಜಾಸ್ತಿಯಾಗಬಹುದು. ಡಾಕ್ಟರ ಹತ್ತಿರ ಹೋದ ತಕ್ಷಣ, ಅವರು ಕೇಳುವ ಮುಂಚೆಯೇ, ಯಾವ ದಿನ ಎಲ್ಲಿದ್ದೆವು, ಎಲ್ಲಿ ಸೊಳ್ಳೆ ಕಚ್ಚಿತ್ತು ಅಂತ ಬರೆದಿಟ್ಟ ಹಾಳೆ ಕೊಟ್ಟೆ. ಪ್ರವಾಸ ಮುಗಿದು ಎರಡು ವಾರದೊಳಗೆ ಜ್ವರ ಬಂದರೆ ಇದನ್ನು ಹೇಳಲೇಬೇಕು. ಹೇಳದಿದ್ದರೆ ನ್ಯೂಜೆರ್ಸಿಯ ಡಾಕ್ಟರಿಗೆ ಡೆಂಗಿ ನೆನಪಾಗುವುದು ಕಷ್ಟ. ರಕ್ತ ತೆಗೆದುಕೊಂಡರು, ಪ್ಲೇಟ್‌ಲೆಟ್ ನೋಡಿದರು. ಹೊಟ್ಟೆ ನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ವಸಡಿನಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಕರೆತನ್ನಿ, ಜ್ವರ ಇಳಿದ ಮೇಲಿನ ಒಂದೆರಡು ದಿನ ಇನ್ನೂ ಹುಷಾರಾಗಿ ನೋಡಿಕೊಳ್ಳಿ ಅಂದರು. ಪರೀಕ್ಷೆಯಲ್ಲಿ ಡೆಂಗಿ ಇಲ್ಲ ಅಂತ ಬಂತು. ಶಾಲೆಗೆ ಸೋಮವಾರದಿಂದ ಕಳಿಸಿದೆ.